ಅಡಿಕೆ ಅಂಗಳದ ಕ್ಯಾಮೆರಾ: ಹಗಲಿಗೊಂದು ವ್ಯವಸ್ಥೆ, ರಾತ್ರಿಗೊಂದು

ದಕ್ಷಿಣ ಕನ್ನಡದ ನಮ್ಮ ಮನೆಯ ಅಂಗಳದಲ್ಲಿ ಬೇಸಿಗೆ ಮುಗಿಯುವವರೆಗೂ ಅಡಿಕೆ ಒಣಗುತ್ತಿರುತ್ತದೆ. ಅದನ್ನು ಕಾಯಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬಳಸಿ ಕ್ಯಾಮೆರಾ ಹೊಂದಿಸುವಾಗ, ಯಾವ ಕ್ಯಾಮೆರಾ ಎಂಬುದಕ್ಕಿಂತಲೂ, ಯಾವಾಗ ರೆಕಾರ್ಡ್ ಮಾಡಬೇಕೆಂಬುದನ್ನು ಯಾವುದು ನಿರ್ಧರಿಸಬೇಕು ಎಂಬುದೇ ನನಗೆ ಮುಖ್ಯವಾಯಿತು. ದಿನವಿಡೀ ರೆಕಾರ್ಡ್ ಮಾಡಿಟ್ಟರೆ ಕಾರ್ಡ್ ತುಂಬುವುದಷ್ಟೇ ಅಲ್ಲ, ಅದನ್ನೆಲ್ಲ ಕೂತು ನೋಡುವ ಪುರಸೊತ್ತು ಮನೆಯಲ್ಲಿ ಯಾರಿಗೂ ಇಲ್ಲ.

ಮೊದಲು ಉಚಿತವಾಗಿ ಸಿಗುವ ‘ಮೋಷನ್’ ತಂತ್ರಾಂಶವನ್ನು ಹಾಕಿದೆ. ಅದು ಪ್ರತಿ ಫ್ರೇಮನ್ನೂ ತಾನು ನೆನಪಿಟ್ಟುಕೊಂಡ ಹಿನ್ನೆಲೆಯೊಡನೆ ಹೋಲಿಸಿ, ಬದಲಾದ ಪಿಕ್ಸೆಲ್‌ಗಳ ಸಂಖ್ಯೆ ನಾವು ಕೊಟ್ಟ ಮಿತಿಯನ್ನು ದಾಟಿದರೆ ರೆಕಾರ್ಡಿಂಗ್ ಆರಂಭಿಸುತ್ತದೆ. ಮೂಲ ಮಿತಿ 1500. ತೆಂಗಿನ ಗರಿಗಳ ನೆರಳು ಆಡುವ ಭಾಗವನ್ನು ಮಾಸ್ಕ್ ಚಿತ್ರದಲ್ಲಿ (ಎಲ್ಲಿ ನೋಡಬಾರದೆಂದು ತಂತ್ರಾಂಶಕ್ಕೆ ತೋರಿಸುವ ಚಿತ್ರ) ಕಪ್ಪು ಬಳಿದು ಹೊರಗಿಟ್ಟು, ಮಿತಿಯನ್ನು ಸ್ವಲ್ಪ ಏರಿಸಿದ ಮೇಲೆ ಹಗಲಿನ ಕೆಲಸ ಅಚ್ಚುಕಟ್ಟಾಯಿತು. ರಾತ್ರಿಯ ಕಥೆ ಬೇರೆ. ಇನ್ಫ್ರಾರೆಡ್ ದೀಪಗಳ ಎದುರು ಹಾತೆಗಳು ಹಾರಿದರೆ ತೆರೆಯ ಮೇಲೆ ದಪ್ಪ ಬಿಳಿ ಗೆರೆಗಳು ಮೂಡುತ್ತವೆ. ಲೆನ್ಸಿನ ಬಾಯಿಗೆ ಜೇಡ ಬಲೆ ಕಟ್ಟಿದರಂತೂ ಗಾಳಿಗೆ ತೂಗುವ ಒಂದೇ ಎಳೆ ಮನುಷ್ಯನಷ್ಟು ಜಾಗವನ್ನು ಆವರಿಸುತ್ತದೆ. ಮಳೆಯ ಹನಿಗಳಿಗೂ ಇದೇ ಪಾಡು.

ಆದ್ದರಿಂದ ಎಚ್‌ಸಿ-ಎಸ್‌ಆರ್501 ಎಂಬ ಅಗ್ಗದ ಪಿಐಆರ್ ಸೆನ್ಸರನ್ನು, ಅಂದರೆ ಶಾಖದ ಕಿರಣಗಳಿಂದ ಚಲನೆಯನ್ನು ಗುರುತಿಸುವ ಸಾಧನವನ್ನು, ಸೇರಿಸಿದೆ. ಅದು ಚಿತ್ರವನ್ನು ನೋಡುವುದೇ ಇಲ್ಲ. ಎದುರಿನ ವಸ್ತುಗಳ ಶಾಖದ ವಿಕಿರಣವು ಅದರೊಳಗಿನ ಎರಡು ಭಾಗಗಳ ಮೇಲೆ ಒಂದಾದ ಮೇಲೊಂದರಂತೆ ಬದಲಾದಾಗ ಮಾತ್ರ ಸಂಕೇತ ಕೊಡುತ್ತದೆ. ಹೀಗಾಗಿ ಜೇಡನ ಎಳೆಯಾಗಲಿ ನೆರಳಾಗಲಿ ಅದಕ್ಕೆ ಲೆಕ್ಕಕ್ಕಿಲ್ಲ. ಇದೇ ಕಾರಣಕ್ಕೆ, ನೇರವಾಗಿ ತನ್ನತ್ತ ನಡೆದು ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಚೆನ್ನಾಗಿ ಗುರುತಿಸುತ್ತದೆ. ನಾನು ಅದನ್ನು ಗೇಟಿಗೆ ಎದುರಾಗಿ ಇಡದೆ, ಗೇಟಿನಿಂದ ಅಂಗಳಕ್ಕೆ ಬರುವ ದಾರಿಯ ಪಕ್ಕದ ಕಂಬಕ್ಕೆ, ಆಳೆತ್ತರದಲ್ಲಿ ಬಿಗಿದಿದ್ದೇನೆ. ನಾಯಿ ಓಡಾಡಿದಾಗಲೆಲ್ಲ ಎಚ್ಚರಿಸದಿರಲೆಂದು, ಸೆನ್ಸರಿನ ಲೆನ್ಸಿನಲ್ಲಿ ನೆಲದತ್ತ ನೋಡುವ ಚೌಕಗಳ ಮೇಲೆ ಕಪ್ಪು ಟೇಪು ಅಂಟಿಸಿದೆ. ಗಾಜಿನ ಕಿಟಕಿಯ ಒಳಗಿಟ್ಟರೆ ಈ ಸೆನ್ಸರ್ ಕುರುಡು, ಏಕೆಂದರೆ ದೇಹದ ಶಾಖದ ಕಿರಣಗಳನ್ನು ಗಾಜು ತಡೆದುಬಿಡುತ್ತದೆ.

ಹಾಗಾದರೆ ಸೆನ್ಸರ್ ಒಂದೇ ಸಾಲದೇ? ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಸಾಲದು. ಹಿನ್ನೆಲೆಯ ಉಷ್ಣತೆ ಮೈಯ ಉಷ್ಣತೆಯ ಸಮೀಪ ಬಂದಾಗ ವ್ಯತ್ಯಾಸವೇ ಉಳಿಯದೆ, ಕಾದ ಅಂಗಳದಲ್ಲಿ ನಡೆದವರೂ ಅದರ ಗಮನಕ್ಕೆ ಬಾರದೆ ಹೋಗಬಹುದು. ಚಿತ್ರವನ್ನು ಹೋಲಿಸುವ ವಿಧಾನ ಸರಿಯಾಗಿ ಕೆಲಸ ಮಾಡುವುದು ಆ ಹೊತ್ತಿನಲ್ಲೇ. ಒಂದು ಸೋಲುವ ವೇಳೆಯಲ್ಲಿ ಇನ್ನೊಂದು ಗೆಲ್ಲುವುದರಿಂದ ಎರಡನ್ನೂ ಸದಾ ಒಟ್ಟಿಗೆ ನಂಬುವ ಬದಲು ಹೊತ್ತಿಗೆ ತಕ್ಕಂತೆ ಪಾಳಿ ಹಂಚಿದೆ. ಕತ್ತಲಾದ ಮೇಲೆ ಪೈಯಲ್ಲಿ ಓಡುವ ಒಂದು ಸಣ್ಣ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಮೋಷನ್‌ನ ಪತ್ತೆ ಕಾರ್ಯವನ್ನು ತಡೆಹಿಡಿಯುತ್ತದೆ. ಸೆನ್ಸರಿನ ಸಂಕೇತ ಬಂದಾಗ ರೆಕಾರ್ಡಿಂಗ್ ಆರಂಭಿಸುವ ಆದೇಶವನ್ನು ಅದೇ ಕಳುಹಿಸುತ್ತದೆ. ಸೆನ್ಸರಿನ ಸಂಕೇತ 3.3 ವೋಲ್ಟ್ ಇರುವುದರಿಂದ ಪೈ ಪಿನ್ನಿಗೆ ನೇರವಾಗಿ ಜೋಡಿಸಲು ಅಡ್ಡಿಯಿಲ್ಲ.

ಸೆನ್ಸರ್ ಎಚ್ಚರಗೊಳ್ಳುವಷ್ಟರಲ್ಲಿ ಬಂದವರು ಅರ್ಧ ಅಂಗಳ ದಾಟಿರಬಹುದೆಂಬ ಆಕ್ಷೇಪಕ್ಕೆ, ಹಿಂದಿನ ಕೆಲವು ಫ್ರೇಮುಗಳನ್ನು ಸದಾ ಕೈಯಲ್ಲಿಟ್ಟುಕೊಳ್ಳುವ ‘ಪ್ರಿ-ಕ್ಯಾಪ್ಚರ್’ ಉತ್ತರವಾಗಿದೆ. ಮಾರುಕಟ್ಟೆಯ ಬ್ಯಾಟರಿ ಕ್ಯಾಮೆರಾಗಳಲ್ಲಿ ಅನೇಕವು ಸೆನ್ಸರ್ ಕೂಗಿದ ಮೇಲೆಯೇ ನಿದ್ದೆಯಿಂದ ಏಳುವುದರಿಂದ, ಅವುಗಳ ದೃಶ್ಯ ಎಷ್ಟೋ ಸಲ ಹೋಗುವವರ ಬೆನ್ನಿನಿಂದಲೇ ಶುರುವಾಗುತ್ತದೆ. ವಿದ್ಯುತ್ ಸಂಪರ್ಕ ಸಿಗುವ ಕಡೆ ಅಂಥದ್ದನ್ನು ನಾನಂತೂ ಹಾಕಲಾರೆ.

ಟೇಪಿನ ಗೆರೆಗಿಂತ ಎತ್ತರದ ದನವೊಂದು ರಾತ್ರಿ ಅಂಗಳಕ್ಕೆ ನುಗ್ಗಿದರೆ ಸೆನ್ಸರ್ ಅದನ್ನು ಮನುಷ್ಯನಿಂದ ಬೇರೆಯಾಗಿ ಗುರುತಿಸುವುದಿಲ್ಲ. ಅಡಿಕೆ ಹರಡಿರುವ ಕಾಲದಲ್ಲಿ ಅದು ಬಂದದ್ದೂ ನನಗೆ ತಿಳಿಯಬೇಕಾದ ವಿಷಯವೇ ಆದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ.