ಚೀನೀ ಮಾತಿನಲ್ಲಿ ಸಿಟ್ಟು ಯಾವುದು, ಸಲಿಗೆ ಯಾವುದು: ಗುರುತು ಹಿಡಿಯುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಚೀನಾದಿಂದ ಮಷೀನು, ಬಿಡಿಭಾಗ ತರಿಸುವವರಿದ್ದಾರೆ. ನಮ್ಮ ಭಾಗದಿಂದ ಅಲ್ಲಿಗೆ ಎಂಬಿಬಿಎಸ್ ಓದಲು ಹೋದ ಹುಡುಗರೂ ಇದ್ದಾರೆ. ಚೀನೀಯರ ಮಾತು ಮೊದಲ ಸಲ ಕೇಳಿದವರಿಗೆ ಬರುವ ಅನುಮಾನ ಒಂದೇ: ಈ ಜನ ಯಾಕೆ ಯಾವಾಗಲೂ ಜಗಳ ಆಡುವ ಹಾಗೆ ಮಾತಾಡ್ತಾರೆ? ಜಗಳ ಏನಿಲ್ಲ. ಭಾವನೆ ಇರುವುದು ಒಂದು ಕಡೆ, ನಾವು ಹುಡುಕುವುದು ಇನ್ನೊಂದು ಕಡೆ.

ಮೊದಲು ದನಿಯ ಏರಿಳಿತ ನೋಡಿ ಸಿಟ್ಟು ಅಳೆಯುವುದನ್ನು ಬಿಡಿ. ಮ್ಯಾಂಡರಿನ್ ಚೀನೀಯಲ್ಲಿ 4 ಸ್ವರಗಳಿವೆ, ಅಂದರೆ ಪದ ಹೇಳುವಾಗ ದನಿ ಸಾಗುವ 4 ಬಗೆಗಳು, ಅದರ ಮೇಲೆ ಒತ್ತಿಲ್ಲದ ಹಗುರ ಉಚ್ಚಾರ ಬೇರೆ. ಸ್ವರ ಬದಲಾದರೆ ಪದವೇ ಬದಲಾಗುತ್ತದೆ. ದನಿಯನ್ನು ಕೆಳಗಿಳಿಸಿ ಮತ್ತೆ ಎತ್ತಿ 'ಮಾಯ್' ಅಂದರೆ ಕೊಳ್ಳುವುದು. ಅದನ್ನೇ ಮೇಲಿನಿಂದ ಥಟ್ಟನೆ ಕೆಳಕ್ಕೆ ಬೀಳಿಸಿದರೆ ಮಾರುವುದು. ವ್ಯಾಪಾರದವರಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೇನಿದೆ ಹೇಳಿ. ಈ ಬೀಳುವ ಸ್ವರವೇ ನಮ್ಮ ಕಿವಿಗೆ ಗದರಿಸಿದಂತೆ ಕೇಳೋದು. ಫೋನಿನಲ್ಲಿ 'ತ್ವೇ, ತ್ವೇ, ತ್ವೇ' ಅಂತ ಕಡ್ಡಿ ಮುರಿದಂತೆ ಹೇಳಿದರೆ ಗಾಬರಿ ಆಗಬೇಡಿ, 'ಹೌದು, ಹೌದು, ಸರಿ' ಅಂತ ನಿಮ್ಮ ಮಾತಿಗೆ ಒಪ್ಪುತ್ತಿದ್ದಾರೆ.

ಹಾಗಂತ ಅವರ ದನಿಯಲ್ಲಿ ಭಾವನೆಯೇ ಇರೋದಿಲ್ಲ ಅಂತಲ್ಲ. ಬಿಡಿ ಬಿಡಿ ಪದ ಬಿಟ್ಟು ಇಡೀ ಮಾತು ಎಷ್ಟು ವೇಗವಾಗಿದೆ, ಎಷ್ಟು ಜೋರಾಗಿದೆ, ಮುಂಚಿಗಿಂತ ಈಗ ಏನು ಬದಲಾಯಿತು ಅನ್ನೋದನ್ನು ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತಿನ ಬಾಲ. ಧಾರವಾಡದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 'ಬಾ', 'ಬಾರಪಾ', 'ಬರ್ರಿ', 'ಬಾರಲೇ' ಎಲ್ಲವೂ ಕರೆಯುವ ಮಾತೇ, ಆದರೆ ಯಾರನ್ನು, ಎಷ್ಟು ಸಲಿಗೆಯಿಂದ, ಯಾವ ಮನಸ್ಸಿನಲ್ಲಿ ಕರೆದಿರಿ ಅನ್ನೋದು ಆ ಬಾಲದಲ್ಲೇ ಗೊತ್ತಾಗುತ್ತದೆ ಅಲ್ವಾ? ಚೀನೀಯಲ್ಲೂ ಹಾಗೇ. 'ಹಾವ್' ಅಂದರೆ ಸರಿ. ಬರೀ 'ಹಾವ್' ಅಂತ ಬರೆದರೆ ಸ್ವಲ್ಪ ಬಿಗಿ. 'ಹಾವ್ ದ' ಅಂದರೆ ಮರ್ಯಾದೆಯ ಒಪ್ಪಿಗೆ, ಕೆಲಸದ ಮಾತಿನಲ್ಲಿ ಇದೇ ಹೆಚ್ಚು. 'ಹಾವ್ ಯಾ' ಅಂದರೆ ಖುಷಿಯಿಂದ ಒಪ್ಪಿದ್ದಾರೆ. 'ಹಾವ್ ಬಾ' ಅಂದರೆ ಮಾತ್ರ ಹುಷಾರು. 'ಆತ್ ತಗೋರಿ, ಇನ್ನೇನ್ ಮಾಡೋದು' ಅನ್ನುವ ಧಾಟಿ ಅದು. ರೇಟು ಇಳಿಸಿ ಅಂತ ಕೇಳಿ ಈ ಉತ್ತರ ಬಂದರೆ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಒಪ್ಪಿದ್ದಾರೆ, ಆದರೆ ಮನಸ್ಸಿಲ್ಲ. ಅದೇ 'ಬಾ' ಬೇರೆ ಮಾತಿನ ಕೊನೆಗೆ ಬಂದರೆ ಮೆತ್ತಗಾಗುತ್ತದೆ, 'ತ್ಸೌ ಬಾ' ಅಂದರೆ 'ನಡೀರಿ, ಹೋಗೋಣ' ಅಂತ. ಹಾಗಾಗಿ ಬಾಲವೊಂದನ್ನೇ ಕಿತ್ತು ಅರ್ಥ ಮಾಡಬೇಡಿ, ಹಿಂದಿನ ಪದದ ಜೊತೆ ಸೇರಿಸಿ ನೋಡಿ.

ತೊಂದರೆ ಎಲ್ಲಿ ಬರುತ್ತದೆ ಅಂದರೆ, ನಾವು ಅನುವಾದದ ಆ್ಯಪ್ ನಂಬಿಕೊಂಡಿರುತ್ತೇವೆ. ಅದು ಈ ಎಲ್ಲದಕ್ಕೂ ಹೆಚ್ಚುಕಡಿಮೆ 'ಸರಿ' ಅಂತಲೇ ತೋರಿಸಿಬಿಡಬಹುದು. ಅದಕ್ಕೆ ಮೂಲ ಚೀನೀ ಸಾಲನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಓದಲು ಬರದಿದ್ದರೂ ಪರವಾಗಿಲ್ಲ, ಕೊನೆಯ ಅಕ್ಷರ ಮಾತ್ರ ನೋಡಿ. ಅದರ ಎಡಗಡೆ ಪುಟ್ಟ ಖಾಲಿ ಚೌಕ ಇದೆಯಾ? ಆ ಚೌಕ ಬಾಯಿಯ ಗುರುತು. 'ಬಾ', 'ಯಾ', 'ನ', 'ಲಾ', ಪ್ರಶ್ನೆ ಕೇಳುವ 'ಮಾ', ಹೀಗೆ ಬಾಲದ ಅಕ್ಷರಗಳಲ್ಲಿ ಬಹಳಷ್ಟಕ್ಕೆ ಅದು ಇರುತ್ತದೆ. ಚೌಕ ಕಂಡರೆ ಅಲ್ಲಿ ಏನೋ ಭಾವ ಇದೆ ಅಂತ ತಿಳಿದು ಆ ಅಕ್ಷರವನ್ನು ನಿಘಂಟಿನಲ್ಲಿ ಹುಡುಕಿ. ಮನಸ್ಸಿಗೆ ಸಂಬಂಧಿಸಿದ ಪದಗಳಿಗೂ ಇಂಥದೇ ಗುರುತಿದೆ. ಎಡಗಡೆ ಒಂದು ಉದ್ದ ಗೆರೆ, ಅದರ ಆಚೀಚೆ ಚಿಕ್ಕ ಗೀಟುಗಳಿದ್ದರೆ ಅದು ಹೃದಯದ ಗುರುತು. ಹೆದರಿಕೆ, ದ್ವೇಷ, ಪಶ್ಚಾತ್ತಾಪ ಎಲ್ಲದರಲ್ಲೂ ಸಿಗುತ್ತದೆ. 'ಕೆಲಸ ಜಾಸ್ತಿ' ಅನ್ನುವ ಅಕ್ಷರದಲ್ಲೂ ಅದೇ ಹೃದಯ ಇದೆ, ನನಗೆ ಬಹಳ ಇಷ್ಟವಾದದ್ದು ಅದು.

ಚಾಟ್‌ನಲ್ಲಿ ಇನ್ನೊಂದಿಷ್ಟು ಸೂಕ್ಷ್ಮ ಇವೆ. 'ಹೂಂ' ಅನ್ನೋದನ್ನು ಒಮ್ಮೆ ಬರೆದರೆ ತಣ್ಣಗಿರುತ್ತದೆ, ಎರಡು ಸಲ ಬರೆದರೆ ಆತ್ಮೀಯ. 'ಹ ಹ' ಅಂತ ನಗುವುದು ಬೇರೆ, 'ಹ್ಅ ಹ್ಅ' ಅಂತ ಅರ್ಧ ಬಾಯಲ್ಲಿ ನಗುವುದು ಬೇರೆ, ಎರಡನೆಯದು ಈಗ ತಾತ್ಸಾರದ ನಗು. ನಾವು ಎಲ್ಲದಕ್ಕೂ ಒತ್ತುವ ಆ ಸಾದಾ ನಗುಮುಖದ ಇಮೋಜಿಯನ್ನು ಅಲ್ಲಿನ ಹುಡುಗರು ಬೇಜಾರು ಅಥವಾ ವ್ಯಂಗ್ಯ ಅಂತ ಓದುತ್ತಾರೆ. ವಯಸ್ಸಾದವರು ಮಾತ್ರ ನಿಜವಾಗಿ ನಗಲು ಬಳಸುತ್ತಾರೆ. ಹಾಗಾಗಿ ಎದುರಿಗೆ ಯಾರಿದ್ದಾರೆ ಅಂತ ನೋಡಿ.

'ಇಲ್ಲ' ಅನ್ನೋದನ್ನು ಅವರು ಮುಖದ ಮೇಲೆ ಹೇಳುವುದು ಕಡಿಮೆ. 'ಸ್ವಲ್ಪ ಯೋಚನೆ ಮಾಡ್ತೀವಿ', 'ಅಷ್ಟು ಅನುಕೂಲ ಆಗಲ್ಲ' ಅಂದರೆ ಬಹಳ ಸಲ ಮಾತು ಮುಗಿದ ಹಾಗೆ. ನಮ್ಮ 'ನೋಡೋಣಂತ ತಗೋರಿ' ಇದೆಯಲ್ಲ, ಅದೇ. ಮರುದಿನ ಮತ್ತೆ ಅದನ್ನೇ ಕೇಳಿ ಪೇಚಿಗೆ ಸಿಕ್ಕಿಸಬೇಡಿ. ಬೇರೆ ಪ್ರಮಾಣ, ಬೇರೆ ದಿನಾಂಕ ಹೇಳಿ ಹೊಸದಾಗಿ ಕೇಳಿ.

ಪದದ ಸದ್ದಿಗೂ ನೆರಳಿದೆ. ನಾಲ್ಕು ಮತ್ತು ಸಾವು, ಎರಡಕ್ಕೂ ಸದ್ದು ಒಂದೇ, ಸ್ವರ ಮಾತ್ರ ಬೇರೆ. ಅದಕ್ಕೇ ಅಲ್ಲಿ ಎಷ್ಟೋ ಕಟ್ಟಡಗಳಲ್ಲಿ 4ನೇ ಮಹಡಿ ಅನ್ನುವ ಸಂಖ್ಯೆಯೇ ಇರುವುದಿಲ್ಲ. ಎಂಟರ ಸದ್ದು ಸಂಪತ್ತು ಬೆಳೆಯುವ ಮಾತನ್ನು ನೆನಪಿಸುತ್ತದೆ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ ಶುರುವಾದದ್ದು 2008ರ ಆಗಸ್ಟ್ 8ರಂದು, ರಾತ್ರಿ 8 ಗಂಟೆಗೆ. ಗಡಿಯಾರ ಕೊಡುವುದು ಅನ್ನುವ ಮಾತು, ಸಾಯುವ ಹೊತ್ತಿನಲ್ಲಿ ಹಿರಿಯರ ಬಳಿಯಿದ್ದು ಕಳಿಸಿಕೊಡುವುದು ಅನ್ನುವ ಮಾತಿನಂತೆಯೇ ಕೇಳುತ್ತದೆ. ಆದ್ದರಿಂದ ಮಷೀನು ಜೋಡಿಸಲು ಅಲ್ಲಿಂದ ಎಂಜಿನಿಯರ್ ಬಂದಾಗ, ಕಂಪನಿ ಹೆಸರು ಬರೆಸಿದ ಗೋಡೆ ಗಡಿಯಾರ ಉಡುಗೊರೆ ಕೊಡಬೇಡಿ. ಧಾರವಾಡ ಪೇಢೆ ಕೊಡಿ, 4 ಡಬ್ಬಿ ಬೇಡ, 6 ಅಥವಾ 8 ಇರಲಿ, ಬಿಳಿ ಕಾಗದ ಬಿಟ್ಟು ಕೆಂಪು ಕಾಗದದಲ್ಲಿ ಸುತ್ತಿ. ಕೊಡುವಾಗ 'ಶಿನ್ ಖು ಲ' ಅನ್ನಿ, 'ಭಾಳ ತ್ರಾಸ ತಗೊಂಡ್ರಿ' ಅಂತ ಅದರ ಅರ್ಥ, ಕೆಲಸ ಮುಗಿಸಿದವರಿಗೆ ಅಲ್ಲಿ ಹೇಳೋದು ಅದನ್ನೇ.