ಊರು ಬಿಟ್ಟು ಹೋದ ಹಿರಿಯರನ್ನು ಹುಡುಕುವವರಿಗೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡು, ಮಂಜೇಶ್ವರ ಕಡೆಯ ಎಷ್ಟೋ ಮನೆಗಳಲ್ಲಿ "ಮುತ್ತಜ್ಜನ ತಮ್ಮ ಘಟ್ಟ ಹತ್ತಿದವರು ಮತ್ತೆ ಬರಲೇ ಇಲ್ಲ" ಎಂಬ ಮಾತಿದೆ. ಹುಡುಕುವ ಮನಸ್ಸಿದ್ದರೆ ಮನೆಯ ಹಳೇ ವಿಭಾಗ ಪತ್ರದಿಂದ, ಅಂದರೆ ಆಸ್ತಿ ಪಾಲಿನ ಪತ್ರದಿಂದ ಶುರುಮಾಡಿ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಪಾಲಿನ ವೇಳೆ ಊರಲ್ಲಿಲ್ಲದವರ ಹಕ್ಕೂ ಚರ್ಚೆಗೆ ಬರುತ್ತಿತ್ತು. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ) ಕುಟುಂಬವಾದರೆ ಕವರಿನ, ಅಂದರೆ ಒಬ್ಬ ಹೆಣ್ಣಿನಿಂದ ಬೆಳೆದ ಶಾಖೆಯ, ಹೆಣ್ಣು, ಗಂಡು, ಮಕ್ಕಳ ಹೆಸರೆಲ್ಲ ಒಂದೇ ಕಡೆ ಸಿಗಬಹುದು.

ಪತ್ರ ಕಳೆದುಹೋಗಿದೆಯೇ? ಸರ್ವೆ ನಂಬರು ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಡಿ. ಮರುಸರ್ವೆ ಆದ ಗ್ರಾಮವಾದರೆ ಹಳೇ ನಂಬರನ್ನೂ ಕೇಳಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ದಾಖಲೆ ತಾಳೆಯಾಗುವುದಿಲ್ಲ. ಪತ್ರದ ಮೋಡಿ ಬರಹ (ಅಕ್ಷರ ಕೂಡಿಸಿ ಬರೆಯುವ ಹಳೇ ಕೈಬರಹ) ಓದಲಾಗದಿದ್ದರೆ ಊರಿನ ಹಿರಿಯ ದಸ್ತಾವೇಜು ಬರಹಗಾರರಿಗೆ ತೋರಿಸಿ. ಅವರು ಇರುವಾಗಲೇ ಓದಿಸಿಕೊಳ್ಳಿ, ದಯವಿಟ್ಟು ಮುಂದೂಡಬೇಡಿ.

1956ರ ನವೆಂಬರ್ 1ರಂದು ಕೇರಳ ಆಗುವ ತನಕ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ಹಾಗಾಗಿ ಮದ್ರಾಸ್ ಸರ್ಕಾರದ ಕಡತಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನೇ ವಿಚಾರಿಸಬೇಕು.

ಸೈನ್ಯಕ್ಕೆ ಸೇರಿದ್ದರೆಂಬ ಸುಳಿವಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಉಚಿತವಾಗಿ ನೋಡಬಹುದು. ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆದು ಹುಡುಕಿ.

ಹಾಗೆಯೇ ಅವರು ಕಲಿತ ಶಾಲೆಯ ದಾಖಲಾತಿ ಪುಸ್ತಕವನ್ನೂ ಕೇಳಿನೋಡಿ. ತಂದೆಯ ಹೆಸರು, ಶಾಲೆ ಬಿಟ್ಟ ದಿನ ಅಲ್ಲಿರುತ್ತದೆ.