ಮೈಸೂರಿನ ಎಲೆಕ್ಟ್ರಾನಿಕ್ಸ್ ಷೇರು: ಕೊಳ್ಳುವ ಮುನ್ನ ಏನು ನೋಡಬೇಕು?

ಮೈಸೂರಿಗೆ ಚಿಪ್ ಕಾರ್ಖಾನೆ ಬರುತ್ತದೆ ಎಂಬ ಸುದ್ದಿ ಎದ್ದರೆ ಸಾಕು, ಕೆಲವರು ನಂಜನಗೂಡು ರಸ್ತೆಯಲ್ಲಿ ಸೈಟಿಗೆ ಅಡ್ವಾನ್ಸ್ ಕೊಡುತ್ತಾರೆ. ಇನ್ನು ಕೆಲವರು ‘ನಮ್ಮೂರ ಕಂಪನಿ ಅಲ್ವಾ’ ಎಂದು ಲೆಕ್ಕಪತ್ರ ತೆರೆಯದೆ ಷೇರು ಕೊಳ್ಳುತ್ತಾರೆ. ಹೀಗೆ ಕೈ ಸುಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಂತ ಈ ಉದ್ಯಮ ಬೇಡ ಅಂತಲ್ಲ. ಕಣ್ಣೆದುರಿಗೇ ಇರುವುದು ದೊಡ್ಡ ಅನುಕೂಲ.

ಮೊದಲು ಇಲ್ಲಿ ಏನಿದೆ ಅಂತ ತಿಳಿಯಿರಿ. ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಜೋಡಿಸಿಕೊಡುವ ಕೇನ್ಸ್ ಟೆಕ್ನಾಲಜಿ 1988ರಲ್ಲಿ ಮೈಸೂರಿನಲ್ಲಿ ಶುರುವಾಯಿತು. 2022ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು. ಅಗರಬತ್ತಿಗೆ ಹೆಸರಾದ ಎನ್.ಆರ್. ಸಮೂಹ ಬೆಳೆಸಿದ ರಂಗ್‌ಸನ್ಸ್ ಎಲೆಕ್ಟ್ರಾನಿಕ್ಸ್ ಈಗ ಸೈಯೆಂಟ್ ಡಿಎಲ್‌ಎಂ, ಅದರದ್ದೂ ಇದೇ ಕೆಲಸ. ಅದು ಪೇಟೆಗೆ ಬಂದದ್ದು 2023ರ ಜುಲೈನಲ್ಲಿ. ನಂಜನಗೂಡಿನಲ್ಲಿ ಪಿಸಿಬಿ, ಅಂದರೆ ಬಿಡಿಭಾಗ ಕೂರಿಸುವ ಖಾಲಿ ಸರ್ಕಿಟ್ ಬೋರ್ಡ್, ಮಾಡುವ ಎಟಿ ಅಂಡ್ ಎಸ್ ಆಸ್ಟ್ರಿಯಾದ್ದು, ಅದರ ಷೇರು ವಿಯೆನ್ನಾ ಪೇಟೆಯಲ್ಲಿದೆ. ಬೋರ್ಡ್ ಮಾಡುವವರು, ಜೋಡಿಸುವವರು, ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹುಡುಗರು ಎಲ್ಲ ಹತ್ತಿರದಲ್ಲೇ ಇರುವುದರಿಂದ ಬೋರ್ಡ್ ಜೋಡಿಸುವ ಹೊಸ ಲೈನ್ ಹಾಕುವವರಿಗೆ ಪರದಾಟ ಕಡಿಮೆ.

ಆಮೇಲೆ ಘೋಷಣೆಯನ್ನೂ ಕೆಲಸವನ್ನೂ ಬೇರೆ ಮಾಡಿ. 2022ರ ಮೇ ತಿಂಗಳಲ್ಲಿ ಐಎಸ್‌ಎಂಸಿ ಎಂಬ ಕಂಪನಿ 22,900 ಕೋಟಿ ರೂಪಾಯಿಯ ಚಿಪ್ ಘಟಕಕ್ಕೆ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಮೈಸೂರು ಹತ್ತಿರದ ಕೋಚನಹಳ್ಳಿಯಲ್ಲಿ ಜಾಗದ ಮಾತೂ ಆಗಿತ್ತು. ಘಟಕ ಬರಲಿಲ್ಲ. ಕೇನ್ಸ್ ತನ್ನ ಚಿಪ್ ಪ್ಯಾಕೇಜಿಂಗ್ ಘಟಕವನ್ನು ಕಟ್ಟಿದ್ದು ಗುಜರಾತಿನ ಸಾನಂದದಲ್ಲಿ. ಕಂಪನಿ ನಮ್ಮೂರದ್ದಾದರೂ ಕಾರ್ಖಾನೆ ನಮ್ಮೂರಲ್ಲೇ ಏಳಬೇಕೆಂದಿಲ್ಲ. ಹಾಗಾಗಿ ಸುದ್ದಿ ನಂಬಿ ಸೈಟ್ ಕೊಳ್ಳುವುದು ಮಾತ್ರ ಬೇಡವೇ ಬೇಡ.

ಷೇರು ಇಡುವ ಡಿಮ್ಯಾಟ್ ಖಾತೆಯನ್ನು ಹಲವು ಬ್ಯಾಂಕುಗಳಲ್ಲಿ, ಷೇರು ಬ್ರೋಕರುಗಳ ಹತ್ತಿರ ತೆರೆಯಬಹುದು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಎಡವುವ ಜಾಗ ಮುಂದಿದೆ. ಲೈನಿನಲ್ಲಿ ಖಾಲಿ ಬೋರ್ಡಿಗೆ ಸೋಲ್ಡರ್ ಪೇಸ್ಟ್ ಬಳಿಯುತ್ತಾರೆ. ಯಂತ್ರ ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಟಕಟಕನೆ ಇಡುತ್ತದೆ. ಬೋರ್ಡ್ ಓವನ್ನಿನೊಳಗೆ ಹಾದು ಬರುವಾಗ ಬೆಸುಗೆ ಕೂರುತ್ತದೆ, ಕ್ಯಾಮೆರಾ ತಪ್ಪು ಹುಡುಕುತ್ತದೆ. ಇಷ್ಟಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ಬಿಡಿಭಾಗಗಳಲ್ಲಿ ಬಹುಪಾಲು ಹೊರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಮುಂಚೆ ತರಿಸಿಡಬೇಕು. ಮಾಲು ಕಳಿಸಿದ ಮೇಲೂ ಗಿರಾಕಿ ಹಣ ಕೊಡಲು ಸಮಯ ತೆಗೆದುಕೊಳ್ಳುತ್ತಾನೆ. ಪುಸ್ತಕದಲ್ಲಿ ಲಾಭ ಬಂದಿರುತ್ತದೆ, ಬ್ಯಾಂಕಿಗೆ ದುಡ್ಡು ಬಂದಿರುವುದಿಲ್ಲ.

ಅದಕ್ಕೇ ಮುಂಬೈ ಷೇರುಪೇಟೆ ಬಿಎಸ್‌ಇಯ ವೆಬ್‌ಸೈಟಿನಿಂದ ಮೂರು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ. ‘ಕನ್ಸಾಲಿಡೇಟೆಡ್’ ಎಂದಿರುವ ಲೆಕ್ಕವನ್ನೇ ನೋಡಿ, ಇಲ್ಲದಿದ್ದರೆ ಅಂಗಸಂಸ್ಥೆಗಳು ಬಿಟ್ಟುಹೋಗುತ್ತವೆ. ಕ್ಯಾಶ್ ಫ್ಲೋ ಪಟ್ಟಿಯಲ್ಲಿ ವ್ಯವಹಾರದಿಂದ ಬಂದ ನಗದು ಎಷ್ಟು ಅಂತ ಬರೆದುಕೊಂಡು, ಪಕ್ಕದಲ್ಲಿ ನಿವ್ವಳ ಲಾಭ ಬರೆಯಿರಿ. ಬೆಳೆಯುವ ಕಂಪನಿಗೆ ಒಂದು ವರ್ಷ ನಗದು ಕಡಿಮೆಯಾದರೆ ಗಾಬರಿ ಬೇಡ. ಮೂರು ವರ್ಷವೂ ಲಾಭ ಏರುತ್ತಾ ನಗದು ಮೈನಸ್ಸಿನಲ್ಲೇ ಇದ್ದರೆ, ಬೆಳವಣಿಗೆ ನಡೆಯುತ್ತಿರುವುದು ಸಾಲದಿಂದ ಅಥವಾ ಹೊಸ ಷೇರು ಮಾರಿದ ಹಣದಿಂದ. ಅಂಥದ್ದನ್ನು ಬಿಟ್ಟುಬಿಡಿ.

ನಂತರ ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು (ವರದಿಯಲ್ಲಿ ‘ಟ್ರೇಡ್ ರಿಸೀವಬಲ್ಸ್’) 365ರಿಂದ ಗುಣಿಸಿ ಮಾರಾಟದಿಂದ ಭಾಗಿಸಿ. ಮಾರಾಟ 1,000 ಕೋಟಿ, ಬಾಕಿ 250 ಕೋಟಿ ಅಂದುಕೊಳ್ಳಿ, ಹಣ ಬರಲು ಸುಮಾರು 91 ದಿನ ಹಿಡಿಯುತ್ತದೆ ಎಂದರ್ಥ. ಮರುವರ್ಷ ಅದು 120 ಆದರೆ ಏಕೆ ಅಂತ ವರದಿಯಲ್ಲೇ ಹುಡುಕಿ. ಬಾಕಿ ಎಷ್ಟು ಹಳೆಯದು ಎಂಬ ಪಟ್ಟಿ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಇರುತ್ತದೆ. ಆರ್ಡರ್ ಬುಕ್ (ಕೈಯಲ್ಲಿರುವ ಒಟ್ಟು ಆರ್ಡರ್) ದೊಡ್ಡದಿದೆ ಎಂಬ ಹೆಡ್‌ಲೈನ್ ನೋಡಿ ಮರುಳಾಗಬೇಡಿ. ಎಷ್ಟು ವರ್ಷಕ್ಕೆ, ಎಷ್ಟು ಗಿರಾಕಿಗಳಿಂದ ಅನ್ನುವುದೇ ಮುಖ್ಯ.

ಊರಲ್ಲೇ ಇರುವ ಅನುಕೂಲ ಈಗ ಕೆಲಸಕ್ಕೆ ಬರುತ್ತದೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯಲ್ಲಿ ಇಂಥ ಕಾರ್ಖಾನೆಗಳಿಗೆ ಡಬ್ಬ, ಬೋರ್ಡ್ ಹಿಡಿದಿಡುವ ಫಿಕ್ಸ್ಚರ್ ಮಾಡಿಕೊಡುವ ಸಣ್ಣ ಘಟಕಗಳಿವೆ. ಬಿಲ್ಲು ಹೊತ್ತಿಗೆ ಸರಿಯಾಗಿ ಪಾಸಾಗುತ್ತಾ ಅಂತ ಪರಿಚಯದವರನ್ನು ವಿಚಾರಿಸಿ. ಆದರೆ ಕಂಪನಿಯೊಳಗಿನವರ ಹತ್ತಿರ ಪ್ರಕಟವಾಗದ ಅಂಕಿ ಕೇಳಬೇಡಿ. ಅದನ್ನು ಹಿಡಿದು ಷೇರು ಕೊಳ್ಳುವುದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಅಪರಾಧ. ಟೆಲಿಗ್ರಾಂ ಟಿಪ್ಸ್ ಗುಂಪುಗಳಿಂದ ಇವತ್ತೇ ಹೊರಬನ್ನಿ. ‘ಐಪಿಒಗೆ ಮುಂಚಿನ ಷೇರು’, ಅಂದರೆ ಕಂಪನಿ ಪೇಟೆಗೆ ಬರುವ ಮುಂಚಿನ ಷೇರು, ಎಂದು ಮಾರುವವರಿಂದಲೂ ದೂರವಿರಿ. ಲಿಸ್ಟ್ ಆದ ಮೇಲೂ ಆರು ತಿಂಗಳು ಅದನ್ನು ಮಾರುವಂತಿಲ್ಲ.

ಎಷ್ಟು ಹಾಕಬೇಕು? ಷೇರಿಗೆ ಇಟ್ಟ ಹಣದಲ್ಲಿ ಹತ್ತನೇ ಒಂದು ಭಾಗ, ಜಾಸ್ತಿ ಬೇಡ. ನೀವು ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು, ಮನೆಯನ್ನೂ ಅಲ್ಲಿನವರಿಗೇ ಬಾಡಿಗೆಗೆ ಕೊಟ್ಟಿದ್ದರೆ ಇನ್ನೂ ಕಡಿಮೆ ಮಾಡಿ. ಕಾರ್ಖಾನೆಗೆ ಕೆಟ್ಟ ವರ್ಷ ಬಂದರೆ ಸಂಬಳ, ಬಾಡಿಗೆ, ಷೇರು ಮೂರೂ ಒಟ್ಟಿಗೇ ಇಳಿಯುತ್ತವೆ. ಕೊಂಡ ಮೇಲೆ ದಿನಾ ಬೆಲೆ ನೋಡುವುದು ಬೇಡ. ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ಬಾಕಿ ದಿನಗಳ ಲೆಕ್ಕ ಕೇಳಿದವರಿಗೆ ಆಡಳಿತದವರು ಏನು ಉತ್ತರ ಕೊಟ್ಟರು ಅಂತ ಓದಿ. ಹೂಡಿಕೆದಾರರ ಸಭೆಯ ಮಾತುಕತೆ ಬಿಎಸ್‌ಇ ತಾಣದಲ್ಲೇ ಪುಕ್ಕಟೆ ಸಿಗುತ್ತದೆ.